ಹಳದಿ ಪುಡಿಯ ವಿಚಾರವಾಗಿ ಅತ್ತಿಗೆಗೆ

ಪ್ರೀತಿಯ ಅತ್ತಿಗೆ,

ನಿಮ್ಮನ್ನು ಇನ್ನೂ ಹೀಗೆ ಕರೆಯಬಹುದೋ ಬಾರದೋ ತಿಳಿಯದೆ ಅಮ್ಮನನ್ನು ಕೇಳಿದೆ. ಬಟಾಣಿ ಬಿಡಿಸುತ್ತಿದ್ದವಳು ತಲೆ ಎತ್ತದೆಯೇ, "ಅವಳು ಬಿಟ್ಟು ಹೋಗಿದ್ದು ನಿನ್ನ ಅಣ್ಣನ್ನ, ನಿನ್ನನ್ನಲ್ಲ. ಇನ್ನೇನಂತ ಕರೀತೀಯ, ಮೇಡಂ ಅಂತಲಾ?" ಅಂದಳು. ಆಮೇಲೆ, "ನಾನು ಕೇಳಿದೆ ಅಂತ ಬರಿ. ಬೇಡ, ಬರೀಬೇಡ. ಬರಿ, ಪರವಾಗಿಲ್ಲ," ಅಂದಳು. ಬರೆದಿದ್ದೇನೆ.

ಈ ಮನೆಯಲ್ಲಿ ಈಗ ಯಾರ ಮಾತಿಗೂ ತಲೆಬುಡ ಇಲ್ಲ. ಅದರಲ್ಲೂ ನನ್ನ ತಲೆ ಎಲ್ಲರಿಗಿಂತ ಹೆಚ್ಚು ಕೆಟ್ಟು ಕೂತಿದೆ. ನಿಮಗೆ ಒಂದು ಸುದ್ದಿ ಹೇಳಬೇಕು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ, ನಡೆದ ಹಾಗೆ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರುವುದೂ ಬರುತ್ತದೆ, ಸಹಿಸಿಕೊಳ್ಳಿ. ಗೊತ್ತಿರುವುದರ ಮೇಲೆ ಒಂದು ಕಾಲಿಟ್ಟುಕೊಳ್ಳದೆ ಗೊತ್ತಿಲ್ಲದ್ದರ ಕಡೆ ಇನ್ನೊಂದು ಕಾಲಿಡಲು ನನಗೆ ಧೈರ್ಯ ಬರುತ್ತಿಲ್ಲ.

ನಾವಿಬ್ಬರೂ ಒಂದೇ ಸಂಸ್ಥೆಯಲ್ಲಿದ್ದರೂ ನಮಗೆ ಪರಿಚಯವಿರಲಿಲ್ಲ. ನೀವು ನೆಲಮಹಡಿಯ ರಸಾಯನ ವಿಭಾಗ, ನಾನು ಮೇಲಿನ ಶರೀರಶಾಸ್ತ್ರ. ಕೆಳಗಿನಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದಾಗಲೆಲ್ಲ ನಾವು ಮೇಲಿನವರು ಕಿಟಕಿ ಮುಚ್ಚಿಕೊಂಡು ಕೆಳಗಿನವರ ವಂಶವನ್ನೆಲ್ಲ ಬೈಯುತ್ತಿದ್ದೆವು. ಆ ವಂಶ ಮುಂದೆ ನಮ್ಮದೇ ಆಗುತ್ತದೆಂದು ಯಾರಿಗೆ ಗೊತ್ತಿತ್ತು? ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದ ಅಣ್ಣ ಮೆಟ್ಟಿಲು ಹತ್ತುವ ಬದಲು ನಿಮ್ಮ ಲ್ಯಾಬಿನ ಬಾಗಿಲು ತಳ್ಳಿದ. ವರ್ಷ ತುಂಬುವುದರೊಳಗೆ ನಿಮ್ಮನ್ನೇ ಕರೆದುಕೊಂಡು ಮನೆಗೆ ಬಂದ.

ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಅನ್ನುವ ಮಾತು ಕೇಳಿಕೊಂಡೇ ಬೆಳೆದವಳು ನಾನು. ಮೊದಲ ವಾರ ನಿಮ್ಮಿಂದ ಒಂದು ಮಾರು ದೂರವೇ ಇದ್ದೆ. ಅಮ್ಮನಿಗಂತೂ ನಿಮ್ಮ ಕೋಟಿನ ವಾಸನೆಯೇ ದೊಡ್ಡ ಸಮಸ್ಯೆ. ಅದಕ್ಕೆ ಸರಿಯಾಗಿ ಅವಳ ಬೀರುವಿನಲ್ಲಿದ್ದ ಬೆಳ್ಳಿ ಚಮಚಗಳು ಕಪ್ಪಾಗಿದ್ದವು. ಅವು ಹಿಂದಿನಿಂದಲೂ ಕಪ್ಪೇ; ಆದರೂ ದೂರು ನಿಮ್ಮ ಮೇಲೆ ಬಂತು. ನೀವು ವಾದಕ್ಕೆ ಇಳಿಯಲಿಲ್ಲ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಸುರಿದು, ಅಡುಗೆ ಸೋಡಾ ಹಾಕಿ, ಚಮಚಗಳನ್ನು ಅದರಲ್ಲಿ ಮಲಗಿಸಿದಿರಿ. "ಈ ಕಪ್ಪು ಕೊಳೆ ಅಲ್ಲ ಅಮ್ಮ, ಬೆಳ್ಳಿಗೆ ಗಂಧಕ ಅಂಟಿಕೊಂಡು ಆಗಿರೋ ಸಲ್ಫೈಡು. ಉಜ್ಜಿದರೆ ಬೆಳ್ಳೀನೂ ಸವೆದು ಹೋಗುತ್ತೆ. ಇದರಲ್ಲಿ ಹಾಕಿದರೆ ಗಂಧಕ ಮಾತ್ರ ಬಿಟ್ಟು ಹೋಗುತ್ತೆ, ಬೆಳ್ಳಿ ವಾಪಸ್ ನಿಮಗೇ," ಅಂದಿರಿ. ಅಮ್ಮನ ಕಣ್ಣೆದುರೇ ಚಮಚಗಳು ಬೆಳ್ಳಗಾದವು. ಅವತ್ತಿನಿಂದ ಅವಳು ನಿಮ್ಮ ಪಕ್ಷ. ನಾವಿಬ್ಬರು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಹೊರಗಿನವರಾದೆವು.

ನಾನು ನಿಮ್ಮ ಪಕ್ಷಕ್ಕೆ ಬಂದಿದ್ದು ಈರುಳ್ಳಿಯಿಂದ. ನೀವು ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದಿರಿ. "ಇದೂ ಗಂಧಕದ್ದೇ ಕಿತಾಪತಿ," ಅಂದಿರಿ. ಸುಮ್ಮನಿರಲಾರದೆ ನಾನು, "ನಿಮ್ಮ ಆ ಕೊಳೆತ ಮೊಟ್ಟೆ ಅನಿಲ ಇದೆಯಲ್ಲ, ಅದು ನಮ್ಮ ಮೈಯೊಳಗೂ ಹುಟ್ಟುತ್ತೆ. ರಕ್ತನಾಳ ಸಡಿಲಿಸುತ್ತೆ. ಹೃದಯಕ್ಕೆ ಅದು ಬೇಕು," ಅಂದೆ. ನಿಮ್ಮ ಚಾಕು ನಿಂತಿತು.

"ಹೈಡ್ರೋಜನ್ ಸಲ್ಫೈಡಾ? ವಾಸನೆ ಬರ್ತಿದ್ರೆ ಹುಷಾರಾಗಿರಿ, ಬರ್ತಾ ಇದ್ದಿದ್ದು ನಿಂತುಹೋದ್ರೆ ಓಡಿಹೋಗಿ, ಆಗ ಮೂಗೇ ಸತ್ತಿರುತ್ತೆ ಅಂತ ನಾನು ವರ್ಷಾ ವರ್ಷಾ ಪಾಠ ಮಾಡ್ತೀನಿ. ಅದನ್ನ ಹೃದಯ ತಾನಾಗೇ ಮಾಡ್ಕೊಳ್ಳುತ್ತಾ?"

"ಚೂರೇ ಚೂರು."

"ಚೂರು ಅಂದ್ರೆ ಎಷ್ಟು?"

"ಅದಕ್ಕೇ ಎಲ್ಲರೂ ಜಗಳ ಆಡ್ತಿರೋದು," ಅಂದೆ. ನೀವು ಈರುಳ್ಳಿ ಅಲ್ಲೇ ಬಿಟ್ಟು ಕಾಗದ ತಂದು ಕೂತಿರಿ. ಅವತ್ತು ಊಟ ತಡವಾಯಿತು. ಅಣ್ಣ ಹಲ್ಲಿನ ಡಾಕ್ಟರ್ ತಾನೇ, ಅವನಿಗೂ ಅವಕಾಶ ಸಿಕ್ಕಿತು. "ನಾನು ಜನರ ಬಾಯಿಂದ ಓಡಿಸೋ ವಾಸನೇನೂ ಇದೇ ಕಣ್ರಪ್ಪಾ. ಒಬ್ಬಳು ಹುಟ್ಟಿಸ್ತಾಳೆ, ಒಬ್ಬಳು ಹೃದಯಕ್ಕೆ ಹಾಕ್ತಾಳೆ, ಒಬ್ಬ ತೊಳೀತಾನೆ. ಮನೆ ಬಾಗಿಲಿಗೆ ಕೊಳೆತ ಮೊಟ್ಟೆ ಅಂಡ್ ಸನ್ಸ್ ಅಂತ ಬೋರ್ಡ್ ಹಾಕೋಣ," ಅಂದ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅಣ್ಣನ ತಮಾಷೆಗೆ ನೀವು ಆಗ ನಗುತ್ತಿದ್ದಿರಿ.

ವಾರವೆಲ್ಲ ನಿಮಗೆ ನಿಮ್ಮದೇ ಕೆಲಸ. ಬ್ಯಾಟರಿಯೊಳಗೆ ಬೆಂಕಿ ಹತ್ತುವ ದ್ರವದ ಬದಲು ಇಡಬಹುದಾದ ಗಟ್ಟಿ ಸಲ್ಫೈಡನ್ನು ಅರೆದು, ಒತ್ತಿ, ಬಿಲ್ಲೆ ಮಾಡುತ್ತಿದ್ದಿರಿ. ಭಾನುವಾರ ಮಾತ್ರ ಮೆಟ್ಟಿಲು ಹತ್ತಿ ನನ್ನ ಕಡೆ ಬರುತ್ತಿದ್ದಿರಿ. ನಾನು ಇಲಿಯ ಹೃದಯವನ್ನು ಗಾಜಿನ ನಳಿಗೆಗೆ ಕಟ್ಟಿ, ಬೆಚ್ಚಗಿನ ಉಪ್ಪುನೀರು ಹರಿಸುತ್ತಿದ್ದೆ. ಮೈಯಿಂದ ಹೊರಗೆ ತೆಗೆದರೂ ಅದು ಬಡಿಯುತ್ತಲೇ ಇರುತ್ತದೆ. ಅರ್ಧ ಗಂಟೆ ನೀರು ನಿಲ್ಲಿಸಬೇಕು, ಮನುಷ್ಯನಿಗೆ ಹೃದಯಾಘಾತ ಆದ ಹಾಗೆ. ಮತ್ತೆ ನೀರು ಬಿಟ್ಟಾಗ ಎಷ್ಟು ಮಾಂಸ ಬದುಕಿದೆ, ಎಷ್ಟು ಸತ್ತಿದೆ ನೋಡಬೇಕು. ಹೆಚ್ಚಾಗಿ ಸಾಯುವುದೇ ಜಾಸ್ತಿ. ನೀವು ಬಂದ ಮೇಲೆ, ಕರಗಿದರೆ ನಿಮ್ಮ ಆ ಅನಿಲವನ್ನೇ ಬಿಡುವ ಸೋಡಿಯಂ ಸಲ್ಫೈಡನ್ನು ಆ ನೀರಿಗೆ ಚಿಟಿಕೆಯಷ್ಟು ಕರಗಿಸಿ ಕೊಟ್ಟಿರಿ. ಆ ಮೊದಲ ಹೃದಯ ನೆನಪಿದೆಯಾ? ನೀರು ಬಿಟ್ಟೆವು. ಒಂದು ಸಲ ನಡುಗಿತು. ಸುಮ್ಮನಾಯಿತು. ಮುಗಿಯಿತು ಅಂದುಕೊಂಡು ನಾನು ಕೈಗವಸು ಬಿಚ್ಚುತ್ತಿದ್ದೆ. ಆಗ ಅದು ಬಡಿಯತೊಡಗಿತು ಅತ್ತಿಗೆ, ಏನೂ ಆಗೇ ಇಲ್ಲ ಅನ್ನುವ ಹಾಗೆ. ನೀವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಇಲಿ ಡಾಕ್ಟ್ರೇ, ಇದು ನಾನು ಬೈಸಿಕೊಂಡಿದ್ದೆಲ್ಲಾ ಸಾರ್ಥಕ ಮಾಡ್ತು," ಅಂದಿರಿ. ನನಗೆ ಆ ಹೆಸರು ಅಂಟಿದ್ದು ಅವತ್ತೇ.

ಆಮೇಲಿನದು ನಿಮಗೆ ಗೊತ್ತು. ಒಂದಲ್ಲ ಎರಡಲ್ಲ, ಹೃದಯದ ಮೇಲೆ ಹೃದಯ ಬದುಕಿತು. ಪ್ರಬಂಧ ಪ್ರಕಟವಾಯಿತು, ನಿಮ್ಮ ಹೆಸರು ಮೊದಲು, ನನ್ನದು ಎರಡನೆಯದು. ಆಸ್ಪತ್ರೆಯ ಹೃದಯದ ಸರ್ಜನ್ ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಕೈ ನೋಡಿ ನೀವು ಆಮೇಲೆ ಹೇಳಿದಿರಿ, "ಎಷ್ಟು ಸಣ್ಣ ಕೈ, ಮಗುವಿನ ಎದೆಯೊಳಗೂ ಹೋಗುತ್ತೆ." ಅವರು ಆಪರೇಷನ್ ಮಾಡುವುದು ಮಕ್ಕಳಿಗೇ ಎಂದು ಆಗ ನಮಗೆ ತಿಳಿದಿರಲಿಲ್ಲ. ಮೊದಲು ಹಂದಿಗಳ ಮೇಲೆ ನೋಡೋಣ, ಸರಿಹೋದರೆ ಮುಂದಿನದು ಮುಂದೆ ಎಂದು ಮಾತಾಯಿತು.

ಅಷ್ಟರಲ್ಲಿ ನೀವು ಹೋದಿರಿ.

ಯಾಕೆ ಹೋದಿರಿ ಅಂತ ಕೇಳಲು ಈ ಕಾಗದ ಬರೆಯುತ್ತಿಲ್ಲ. ಆದರೆ ನನಗೆ ಇವತ್ತಿಗೂ ಅರ್ಥವಾಗಿಲ್ಲ ಅನ್ನುವುದನ್ನಾದರೂ ಹೇಳಬಹುದಲ್ಲವೇ? ಪಾತ್ರೆ ಒಡೆಯಲಿಲ್ಲ, ಬಾಗಿಲು ಬಡಿಯಲಿಲ್ಲ. ಒಂದು ಬೆಳಿಗ್ಗೆ ಹಜಾರದಲ್ಲಿ ಎರಡು ಸೂಟ್‌ಕೇಸ್ ಇದ್ದವು. ಅಮ್ಮ ಅಣ್ಣನನ್ನು ಕೇಳಿದಳು, "ಜಗಳ ಆಡಿದ್ರಾ?" "ಇಲ್ಲ." "ಮತ್ತೆ?" "ಅವಳಿಗೆ ಬ್ಯಾಟರಿ ಫ್ಯಾಕ್ಟರೀಲಿ ಕೆಲಸ ಸಿಕ್ಕಿದೆ." ಅಷ್ಟೇ. ರೈಲು ನಿಲ್ದಾಣಕ್ಕೆ ನಾನೇ ನಿಮ್ಮನ್ನು ಬಿಟ್ಟೆ. ದಾರಿಯುದ್ದಕ್ಕೂ ನೀವು ಆ ಫ್ಯಾಕ್ಟರಿಯ ವಿಷಯವನ್ನೇ ಹೇಳಿದಿರಿ. ಅಲ್ಲಿ ಗಾಳಿಯಿಂದ ತೇವವನ್ನೆಲ್ಲ ಹಿಂಡಿ ತೆಗೆದಿರುತ್ತಾರಂತೆ, ತುಟಿ ಒಡೆಯುತ್ತದಂತೆ, ಪುಡಿಗೆ ಸ್ವಲ್ಪ ತೇವ ತಾಕಿದರೂ ಅದೇ ಅನಿಲ ಎದ್ದು ಕೊರಳಪಟ್ಟಿಗೆ ಸಿಕ್ಕಿಸಿಕೊಂಡ ಅಲಾರಂ ಕೂಗುತ್ತದಂತೆ. ರೈಲು ಬಂದ ಮೇಲೆ ಮಾತ್ರ, "ನಿನ್ನಣ್ಣ ಒಳ್ಳೆಯವನು ಕಣೇ. ಆದರೆ ನಾನು ಏನು ಹೇಳಿದ್ರೂ ಅದು ತಮಾಷೆಯಾಗಿಬಿಡುತ್ತೆ. ನಾನು ಅಳ್ತಾ ಇದ್ದೀನಿ ಅಂತ ನನಗೇ ಗೊತ್ತಾಗೋದು ನಿಂತುಹೋಯ್ತು," ಅಂದಿರಿ. ನಾನು ನೀರಿನ ಬಾಟಲಿ ಕೊಟ್ಟೆ.

ನೀವು ಹೋದಮೇಲೆ ಸಲ್ಫೈಡಿನ ಹೊಸ ಸೀಸೆ ತರಿಸಿದೆ. ಸರ್ಜನ್‌ಗೆ ತೋರಿಸಬೇಕಲ್ಲ, ಹಾಗಾಗಿ ಸಿಗುವುದರಲ್ಲೇ ಅತ್ಯಂತ ಶುದ್ಧವಾದದ್ದು. ಬಿಳಿ ಪುಡಿ, ಹಾಲಿನ ಹಾಗೆ. ನೀವು ಹಾಕುತ್ತಿದ್ದಷ್ಟೇ ಹಾಕಿದೆ. ಹೃದಯ ಸತ್ತಿತು. ಇನ್ನೊಂದು ಕಟ್ಟಿದೆ, ಸತ್ತಿತು. ನೀರಿನ ಬಿಸಿ ನೋಡಿದೆ, ನಳಿಗೆ ಬದಲಾಯಿಸಿದೆ, ಇಲಿಗಳನ್ನು ಬೇರೆ ಕಡೆಯಿಂದ ತರಿಸಿದೆ. ಊಹೂಂ. ಎಲ್ಲವೂ ಸತ್ತವು ಎಂದರೆ ಅದಾದರೂ ಒಂದು ಉತ್ತರವಾಗುತ್ತಿತ್ತು. ನಡುನಡುವೆ ಒಂದೊಂದು ಬದುಕಿ ನನ್ನ ತಲೆ ಕೆಡಿಸುತ್ತಿತ್ತು. ಬೇರೆ ಊರಿನ ಲ್ಯಾಬಿನವರೂ ನಮ್ಮ ಪ್ರಬಂಧ ನೋಡಿ ಮಾಡಿದರಂತೆ, ಅವರಿಗೂ ಬರಲಿಲ್ಲವಂತೆ. ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಹೋದರೆ ಮಾತು ನಿಲ್ಲತೊಡಗಿತು. ನಿಂತ ಮಾತು ಏನೆಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಗಂಡನನ್ನೂ ಲ್ಯಾಬನ್ನೂ ಒಂದೇ ದಿನ ಬಿಟ್ಟು ಓಡಿದವಳು ಸುಳ್ಳು ಅಂಕಿಗಳನ್ನು ಹುಟ್ಟಿಸಿಯೇ ಓಡಿರಬೇಕು, ಅಂತ.

ನಿರ್ದೇಶಕರು ಮೂವರ ಸಮಿತಿ ಮಾಡಿದರು. ಕಿಟಕಿಯಿಲ್ಲದ ಕೋಣೆ, ಉದ್ದದ ಮೇಜು. ನಡುವೆ ಕೂತ ಕನ್ನಡಕದ ಹೆಂಗಸು ಕೇಳಿದರು, "ಅವರು ಒಬ್ಬರೇ ಪ್ರಯೋಗ ಮಾಡಿದ್ದುಂಟಾ?" ಉಂಟು, ನನಗೆ ಜ್ವರ ಬಂದಾಗ ಒಮ್ಮೆ, ಅಂದೆ. "ಅವರನ್ನ ನೀವು ನಂಬ್ತೀರಾ?" ನಂಬ್ತೀನಿ. "ವಿಜ್ಞಾನಿ ಅಂತಲೋ, ಅತ್ತಿಗೆ ಅಂತಲೋ?" ಅವೆರಡನ್ನೂ ಬೇರೆ ಮಾಡಿ ನೋಡುವ ಪ್ರಯೋಗ ನಾನು ಮಾಡಿರಲಿಲ್ಲ. ಕೊನೆಗೆ, "ಹೃದಯ ಬಡಿದಿದ್ದನ್ನ ನನ್ನ ಕಣ್ಣಾರೆ ನೋಡಿದ್ದೀನಿ. ಯಾಕೆ ಬಡೀತು ಅಂತ ಈಗ ನನಗೆ ಗೊತ್ತಿಲ್ಲ," ಅಂದೆ. ಅದು ನಿಜ. ಆದರೂ ಹೊರಗೆ ಬಂದಾಗ ನಾನು ನಿಮ್ಮ ಪರ ಹೇಳಿದೆನೋ ವಿರುದ್ಧ ಹೇಳಿದೆನೋ ನನಗೇ ತಿಳಿಯಲಿಲ್ಲ. ಅದು ಹೇಗೋ ನಿಮ್ಮ ಕಿವಿಗೂ ಬಿತ್ತು. ಫೋನ್ ಮಾಡಿ, "ನೀನು ಹೇಳಿದ್ದು ಸರಿಯಾಗಿದೆ," ಅಂದಿರಿ. ಇಟ್ಟುಬಿಟ್ಟಿರಿ. ಅಷ್ಟು ಸರಿಯಾದ ಮಾತು ಅಷ್ಟು ಕೆಟ್ಟದಾಗಿ ಕೇಳಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನಾನು ಮಾಡಿದ ಕರೆ ಯಾವುದನ್ನೂ ನೀವು ತೆಗೆಯಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ.

ಸಮಿತಿಯವರು ನಮ್ಮ ಹತ್ತಿರ ಉಳಿದಿರುವ ರಾಸಾಯನಿಕಗಳನ್ನೆಲ್ಲ ಪರೀಕ್ಷಿಸಿ ವರದಿ ಕೊಡಿ ಎಂದಿದ್ದರು. ನಿಮ್ಮ ಹಳೆಯ ಬೀರುವನ್ನು ತೆರೆದೆ. ಹಿಂದಿನ ಸಾಲಿನಲ್ಲಿ ನೀವು ತೂಗಿ ಕೊಡುತ್ತಿದ್ದ ಆ ಸಲ್ಫೈಡಿನ ಸೀಸೆ ಇತ್ತು. ಮುಚ್ಚಳ ಸೀಳಿತ್ತು, ಸೀಳಿನ ಮೇಲೆ ಟೇಪು ಸುತ್ತಿತ್ತು. ಒಳಗಿನ ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟಿ, ಹಳದಿ ಬಣ್ಣಕ್ಕೆ ತಿರುಗಿತ್ತು. ಯಾರು ನೋಡಿದರೂ ಕೆಟ್ಟುಹೋಗಿದೆ ಅನ್ನಬೇಕು. ಕೆಟ್ಟದ್ದು ಕೆಲಸ ಮಾಡುವುದಿಲ್ಲ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳೋಣ ಎಂದೇ ಅದನ್ನು ಕರಗಿಸಿದೆ. ಹೃದಯ ಕಟ್ಟಿದೆ, ನೀರು ನಿಲ್ಲಿಸಿದೆ, ಮತ್ತೆ ಬಿಟ್ಟೆ. ವರದಿಯ ಸಾಲನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ.

ಅದು ಬಡಿಯಿತು.

ನನಗೆ ಸಂತೋಷ ಆಗಲಿಲ್ಲ ಅತ್ತಿಗೆ, ಸುಳ್ಳು ಹೇಳುವುದಿಲ್ಲ. ಹೆದರಿಕೆ ಆಯಿತು. ಕಷ್ಟಪಟ್ಟು ಒಪ್ಪಿಕೊಂಡಿದ್ದ ಒಂದು ಸೋಲು ಎದ್ದು ಕೂತು ನನ್ನನ್ನೇ ನೋಡಿದ ಹಾಗಾಯಿತು. ಪಕ್ಕದ ಲ್ಯಾಬಿನ ಗೆಳತಿಯನ್ನು ಕರೆದೆ. ಅವಳಿಗೆ ನೀವು ಗೊತ್ತಿಲ್ಲ, ನಮ್ಮ ಮನೆಯ ಪುರಾಣವೂ ಗೊತ್ತಿಲ್ಲ. ಬಿಳಿಯದನ್ನೂ ಹಳದಿಯದನ್ನೂ ಕರಗಿಸಿ, ಯಾವುದು ಯಾವುದೆಂದು ನನಗೆ ಹೇಳದೆ ಕೊಡು ಅಂದೆ. ಕೊಟ್ಟಳು. ದಿನವೆಲ್ಲ ಮಾಡಿದೆವು. ಬದುಕಿದವುಗಳನ್ನು ಒಂದು ಕಡೆ, ಸತ್ತವನ್ನು ಒಂದು ಕಡೆ ಬರೆದು ಅವಳ ಮುಂದೆ ಇಟ್ಟೆ. ಅವಳು ತನ್ನ ಚೀಟಿ ನೋಡಿ, "ಬದುಕಿದ್ದೆಲ್ಲ ಆ ಕೊಳಕು ಸೀಸೇದು ಕಣೇ," ಅಂದಳು.

ಯಾಕೆ ಎಂದು ನೀವು ಇಷ್ಟು ಹೊತ್ತಿಗೆ ಊಹಿಸಿರುತ್ತೀರಿ, ನೀವು ರಸಾಯನದವರು. ಮುಚ್ಚಳದ ಸೀಳಿನಿಂದ ಗಾಳಿ ಒಳಗೆ ಹೋಗಿದೆ. ವರ್ಷಗಟ್ಟಲೆ ನಿಧಾನವಾಗಿ ಗಂಧಕಕ್ಕೆ ಗಂಧಕ ಕೈಹಿಡಿದು ಸರಪಳಿಯಾಗಿದೆ. ಆ ಸರಪಳಿಗೇ ಆ ಹಳದಿ. ಹೃದಯವನ್ನು ಕಾಪಾಡುತ್ತಿದ್ದುದು ನಾವು ಬರೆದ ಸಲ್ಫೈಡ್ ಅಲ್ಲ, ಅದು ಕೆಟ್ಟು ಆದದ್ದು. ಖಾತ್ರಿಗೆಂದು ಶುದ್ಧವಾದ ಬಿಳಿ ಪುಡಿಯ ನೀರಿಗೆ ಬರೀ ಗಂಧಕದ ಚಿಟಿಕೆ ಹಾಕಿ ಕಲಕಿದೆ. ನೋಡುನೋಡುತ್ತಲೇ ನೀರು ಹಳದಿಯಾಯಿತು. ಅದನ್ನು ಕೊಟ್ಟ ಹೃದಯಗಳೂ ಬಡಿದವು. ಎರಡು ಬಡಿಯಲಿಲ್ಲ. ಯಾಕೆಂದು ಕೇಳಬೇಡಿ.

ಸಮಿತಿಯವರು ಬಂದು ಕಣ್ಣಾರೆ ನೋಡಿಕೊಂಡು ಹೋದರು. ಆ ಕನ್ನಡಕದ ಹೆಂಗಸು ನಳಿಗೆಯ ಹತ್ತಿರ ಬಗ್ಗಿ ಬಹಳ ಹೊತ್ತು ನಿಂತಿದ್ದರು. ಹೊರಡುವಾಗ, "ನಿಮ್ಮ ಅತ್ತಿಗೆ ಮೇಲೆ ಯಾವ ಆರೋಪವೂ ಇಲ್ಲ ಅಂತ ಬರೀತೀವಿ. ಆದರೆ ಪ್ರಬಂಧ ಹಿಂತೆಗೆದುಕೊಳ್ಳಬೇಕು. ಅಂಕಿ ನಿಜ, ಅರ್ಥ ತಪ್ಪು," ಅಂದರು. ಸರ್ಜನ್‌ಗೆ ಫೋನ್ ಮಾಡಿದೆ. "ಬಿಳೀನೋ ಹಳದೀನೋ, ನನಗೆ ಬೇಕಿರೋದು ಬಡಿಯೋ ಹೃದಯ. ಆದರೆ ಏನು ಕೊಡ್ತಿದ್ದೀವಿ ಅಂತ ಗೊತ್ತಿಲ್ಲದೇ ಮಗೂಗೆ ಕೊಡಲ್ಲ. ನೀವು ಹೇಳಿದ ದಿನ ಮತ್ತೆ ಬರ್ತೀನಿ," ಅಂದರು. ಹಂದಿಗಳೂ ಮಕ್ಕಳೂ ಈಗ ಮತ್ತೆ ದೂರ ಹೋದವು. ಅಥವಾ ಮೊದಲ ಸಲ ಹತ್ತಿರ ಬಂದವೋ ಏನೋ.

ಇದೇ ನನ್ನ ಗೊಂದಲ. ನೀವು ಮೋಸ ಮಾಡಲಿಲ್ಲ ಎಂದು ಸಾಬೀತಾಯಿತು, ನಾವಿಬ್ಬರೂ ಸರಿಯಾಗಿ ಹೇಳಲಿಲ್ಲ ಎಂದೂ ಸಾಬೀತಾಯಿತು. ಅಮ್ಮ ಕೇಳಿದಳು, "ಹಂಗಾದ್ರೆ ಅವಳದ್ದು ಸರಿನೋ ತಪ್ಪೋ?" ಎರಡೂ ಅಂದೆ. "ಎರಡೂ ಅಂದ್ರೆ ಹೇಗಾಗುತ್ತೆ? ಗಂಡು ಮಗೂನಾ ಹೆಣ್ಣು ಮಗೂನಾ ಅಂದ್ರೆ ಹೌದು ಅಂದಂಗಾಯ್ತು!" ಅಂತ ಗದರಿದಳು. ಅವಳ ಮಾತಿಗೆ ನಗು ಬಂತು. ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿದೆ. ಒಮ್ಮೆ ಪುಡಿ ತೂಗುವಾಗ ನಾನು, "ಇದು ಸ್ವಲ್ಪ ಹಳದಿಯಾಗಿದೆಯಲ್ಲ?" ಅಂದಿದ್ದೆ. ನೀವು, "ಇದು ಯಾವಾಗಲೂ ಸ್ವಲ್ಪ ಹಾಗೇ. ಇದನ್ನೇ ಹಾಕು, ಇದೇ ಚೆನ್ನಾಗಿ ಬರ್ತಿದೆ," ಅಂದಿದ್ದಿರಿ. ಅದು ಅಭ್ಯಾಸದ ಮಾತೋ, ನಿಮ್ಮ ಕೈಗೆ ಗೊತ್ತಿದ್ದು ನಿಮಗೆ ಗೊತ್ತಿರಲಿಲ್ಲವೋ? ನೀವೇ ಹೇಳಬೇಕು. ನಿಮಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ಅದೂ ನನಗೆ ಸಮಾಧಾನವೇ.

ಅಣ್ಣನಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ನೀವು ಹೋದ ಮೇಲೆ ಅವನು ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾನೆ. ಮೊದಮೊದಲು ಮನೆ ನೆಮ್ಮದಿಯಾಗಿದೆ ಅನ್ನಿಸಿತು, ಈಗ ಯಾರೋ ದೀಪ ತೆಗೆದುಕೊಂಡು ಹೋದ ಹಾಗಿದೆ. ಸೀಸೆ, ಸೀಳಿದ ಮುಚ್ಚಳ, ಟೇಪು ಎಲ್ಲ ಹೇಳುತ್ತಿದ್ದಂತೆ ಅವನ ಚಮಚ ತಟ್ಟೆಯ ಮೇಲೆ ನಿಂತಿತು.

"ಎಂಥ ಮುಚ್ಚಳ? ನೀಲಿ ಬಣ್ಣದ್ದಾ?"

"ಹೌದು."

"ಅದನ್ನ ಸೀಳಿದ್ದು ನಾನು ಇರಬೇಕು ಕಣೇ."

ನೀವು ಒಬ್ಬರೇ ಕೆಲಸ ಮಾಡಿದ ಆ ಭಾನುವಾರ, ನಾನು ಜ್ವರದಲ್ಲಿ ಮಲಗಿದ್ದಾಗ, ಅವನು ಫ್ಲಾಸ್ಕಿನಲ್ಲಿ ಚಹಾ ತಂದಿದ್ದನಂತೆ. ಮುಚ್ಚಳ ಗಟ್ಟಿಯಾಗಿ ಕೂತು ನಿಮಗೆ ಬಿಚ್ಚಲು ಬರಲಿಲ್ಲವಂತೆ. ಹಲ್ಲು ಕೀಳುವವನಿಗೆ ಇದು ಯಾವ ಲೆಕ್ಕ ಎಂದು ಚೀಲದಿಂದ ಇಕ್ಕಳ ತೆಗೆದನಂತೆ. ಮುಚ್ಚಳ ಟಪ್ ಅಂತ ಸೀಳಿತಂತೆ. "ಅವಳು ಬೈತಾಳೆ ಅಂದ್ಕೊಂಡೆ. ನಕ್ಕಳು. ನೆಲದ ಮೇಲೆ ಕೂತು ನಕ್ಕಳು. ನಾನೂ ಕೂತೆ. ಚಹಾ ಆರಿಹೋಯ್ತು," ಅಂದ. ಆಮೇಲೆ, "ಅದೇ ಸೀಸೇನಾ? ಅಂಥವು ಇನ್ನೂ ಇದ್ವು ಅಲ್ಲಿ," ಅಂದ. ಅದೇ ಇರಬಹುದು, ಬೇರೆಯೂ ಇರಬಹುದು, ನನಗೆ ಗೊತ್ತಿಲ್ಲ ಅಂದೆ. ಆ ಭಾನುವಾರಕ್ಕೆ ಮೊದಲೂ ಹೃದಯಗಳು ಬದುಕಿದ್ದವಲ್ಲ, ಹಾಗಾದರೆ ಪುಡಿ ಮೊದಲೇ ಹಳದಿಯಾಗತೊಡಗಿತ್ತೋ ಏನೋ. ಅಣ್ಣ ಎದ್ದು ತಟ್ಟೆ ತೊಳೆಯಲು ಹೋದ. ನಾಲ್ಕು ತಟ್ಟೆ ತೊಳೆಯಲು ಯಾರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾವಿರುವುದು ಮೂವರು, ನಾಲ್ಕನೆಯ ತಟ್ಟೆ ಯಾಕೆ ಹಾಕುತ್ತಾಳೆಂದು ಅಮ್ಮನನ್ನು ಯಾರೂ ಕೇಳುವುದಿಲ್ಲ.

ನೀರಿನ ಸದ್ದು ನಿಂತಮೇಲೂ ಅವನ ಬೆನ್ನು ನನ್ನ ಕಡೆಯೇ ಇತ್ತು. "ಅವಳ ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ವಾಪಸ್ ಬಂದಳಲ್ಲ, ಅವತ್ತೂ ನಾನು ಏನೋ ಒಂದು ನಗಿಸೋ ಮಾತು ಹೇಳಿದೆ. ನಗಲಿ ಅಂತಲೇ ಹೇಳಿದೆ. ಅವಳು ನಕ್ಕಳು ಕೂಡ. ಆಮೇಲಿಂದ ಏನೋ ಸರಿಯಾಗಲಿಲ್ಲ," ಅಂದ. ಇದನ್ನು ನಿಮಗೆ ಬರೆಯಲು ಅವನು ಹೇಳಲಿಲ್ಲ, ಬರೆಯಬೇಡ ಅಂತಲೂ ಹೇಳಲಿಲ್ಲ. ಬರೆದದ್ದು ಸರಿಯೋ ತಪ್ಪೋ, ಅದನ್ನೂ ನಿಮಗೇ ಬಿಡುತ್ತೇನೆ.

ಹಿಂತೆಗೆಯುವ ಪತ್ರಕ್ಕೆ ನಾನು ಸಹಿ ಹಾಕಿದ್ದೇನೆ, ನಿಮ್ಮ ಸಹಿ ಬಾಕಿಯಿದೆ. ಹೊಸದಾಗಿ ಬರೆಯಬೇಕು ಅಂತ ನಿರ್ದೇಶಕರು ಹೇಳಿದ್ದಾರೆ. ನಿಮ್ಮ ಹೆಸರಿಲ್ಲದೆ ನಾನು ಬರೆಯುವುದಿಲ್ಲ ಅಂದೆ. ಮನೆಗೆ ಬನ್ನಿ ಎಂದು ಕರೆಯುವ ಹಕ್ಕು ನನಗಿಲ್ಲ. ಲ್ಯಾಬಿಗೆ ಬನ್ನಿ. ಒಂದು ಭಾನುವಾರ ಬಂದು ನಿಮ್ಮ ಕೈಯಾರೆ ತೂಗಿ ಕೊಡಿ. ಆ ಎರಡು ಹೃದಯಗಳು ಯಾಕೆ ಬಡಿಯಲಿಲ್ಲ ಎಂದು ನನ್ನ ಜೊತೆ ಕೂತು ತಲೆ ಕೆಡಿಸಿಕೊಳ್ಳಿ. ಒಬ್ಬಳೇ ಕೆಡಿಸಿಕೊಂಡು ನನಗೆ ಸಾಕಾಗಿದೆ.

ಇಷ್ಟು ಬರೆದು ಲಕೋಟೆ ಹುಡುಕುತ್ತಿದ್ದೆ. ಅಣ್ಣ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಶೂ, ಹೆಗಲಿಗೆ ಚೀಲ. "ಮುಗೀತಾ? ಕೊಡು, ಪೋಸ್ಟ್ ಮಾಡ್ತೀನಿ," ಅಂದ.

"ಇವತ್ತು ಭಾನುವಾರ. ಪೋಸ್ಟ್ ಆಫೀಸ್ ಇರಲ್ಲ," ಅಂದೆ.

"ಗೊತ್ತು," ಅಂದ.

ನಗಿಸಲಿಲ್ಲ, ನಗಲೂ ಇಲ್ಲ. ಅಲ್ಲೇ ನಿಂತಿದ್ದಾನೆ, ನಾನು ಈ ಸಾಲು ಬರೆಯುವುದನ್ನೇ ನೋಡುತ್ತ. ಕೊಡಬೇಕೋ ಬೇಡವೋ ನನಗೆ ಗೊತ್ತಾಗುತ್ತಿಲ್ಲ ಅತ್ತಿಗೆ. ಅಮ್ಮ ಅಡುಗೆಮನೆಯಿಂದಲೇ "ಕೊಡೇ," ಅನ್ನುತ್ತಿದ್ದಾಳೆ. ಲಕೋಟೆಯ ಮೇಲೆ ಸ್ಟಾಂಪ್ ಇದ್ದರೆ ಇದು ಅಂಚೆಯಲ್ಲಿ ಬಂತು ಎಂದುಕೊಳ್ಳಿ. ಇಲ್ಲದಿದ್ದರೆ ತಂದವನು ಎದುರಿಗೇ ಇರುತ್ತಾನೆ. ನಿಮಗೆ ಬೇಡವೆನಿಸಿದರೆ ಕಾಗದ ಮಾತ್ರ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳಿ. ಅವನು ಎರಡನೆಯ ಸಲ ತಟ್ಟುವುದಿಲ್ಲ ಎಂದು ಈಗಷ್ಟೇ ನನಗೆ ಮಾತು ಕೊಟ್ಟಿದ್ದಾನೆ. ಬೇಕೆನಿಸಿದರೆ ಅವನು ಮಾತಾಡುವವರೆಗೆ ಸ್ವಲ್ಪ ಕಾಯಿರಿ. ತಮಾಷೆ ಇಲ್ಲದೆ ಮಾತು ಶುರು ಮಾಡಲು ಅವನಿಗೆ ಇನ್ನೂ ಅಭ್ಯಾಸವಾಗಿಲ್ಲ.

ಚಿಕ್ಕವಳು ನಾನು, ಹರಸುವಷ್ಟು ದೊಡ್ಡವಳಲ್ಲ. ಆದರೂ ಹೇಳುತ್ತೇನೆ: ಒಳಗೆ ಕರೆದರೂ ಕರೆಯದಿದ್ದರೂ ನಿಮಗೆ ಒಳ್ಳೆಯದಾಗಲಿ. ನಿಮ್ಮ ಒಡೆದ ತುಟಿ ವಾಸಿಯಾಗಲಿ.

ಎರಡು ಕಡೆಯೂ ನಿಮ್ಮವಳೇ ಆದ,
ಇಲಿ ಡಾಕ್ಟರ್